ಹುಣಸೆ ಬೀಜದ ಅಂಬಿಗ

ಹೊಳೆಯ ಈ ದಡದಲ್ಲಿ ಒಂದು ಊರಿತ್ತು, ಆ ದಡದಲ್ಲಿ ಇನ್ನೊಂದು. ಎರಡೂ ಊರಿಗೆ ಸೇರಿ ಒಂದೇ ದೋಣಿ, ಆ ದೋಣಿ ಈ ದಡದವರದ್ದು. ಅದಕ್ಕೆ ಒಂದು ಕಟ್ಟಳೆ ಇತ್ತು: ಅಂಬಿಗ ಒಳಗಿಲ್ಲದೆ ದೋಣಿಯ ಹಗ್ಗ ಬಿಚ್ಚಬಾರದು. ಅಂಬಿಗ ಯಾರೆಂಬುದನ್ನು ಮೂರು ವರ್ಷಕ್ಕೊಮ್ಮೆ ಊರು ಆರಿಸಬೇಕು.

ಆ ಊರಿನಲ್ಲಿ ಯಾರೇ ಏನೇ ಬೇಕೆಂದರೂ ಎದುರಿನವರು ಕೇಳುತ್ತಿದ್ದ ಮಾತು ಒಂದೇ: "ಅದಿಲ್ಲದಿದ್ದರೆ?" ಮನೆಗೆ ಬಂದ ನೆಂಟ ರೊಟ್ಟಿ ಬೇಕೆಂದರೆ, "ಅದಿಲ್ಲದಿದ್ದರೆ?" ಎಂದು ಕೇಳಬೇಕು. ಮುದ್ದೆ ಎಂದರೆ, "ಅದೂ ಇಲ್ಲದಿದ್ದರೆ?" ಎನ್ನಬೇಕು. ನೆಂಟ ಮೂರು ಹೇಳಿದ ಮೇಲೆ ಒಳಗೆ ಹೋಗಿ ಇದ್ದದ್ದನ್ನು ತಂದು ಬಡಿಸಬೇಕು. ಇದು ಆ ಊರಿನ ಮರ್ಯಾದೆ.

ಅಂಬಿಗನ ಆಯ್ಕೆಯೂ ಹಾಗೆಯೇ. ಪ್ರತಿಯೊಬ್ಬರಿಗೂ ಒಂದು ದಾರ ಕೊಡುತ್ತಿದ್ದರು. ದಾರದ ಮೇಲ್ತುದಿಯಲ್ಲಿ ಗೂಟಕ್ಕೆ ನೇತುಹಾಕಲು ಒಂದು ಕುಣಿಕೆ. ಅಂಬಿಗನಾಗಬೇಕೆಂದು ನಿಂತವರಿಗೆಲ್ಲ ಒಂದೊಂದು ಬಣ್ಣ, ಒಂದೊಂದು ಬಣ್ಣದ ಮಣ್ಣಿನ ಮಣಿ. ಎಲ್ಲರಿಗಿಂತ ಹೆಚ್ಚು ಬೇಕಾದವರ ಮಣಿಯನ್ನು ಕುಣಿಕೆಯ ಹತ್ತಿರ ಪೋಣಿಸಬೇಕು. ಅವರಾಗದಿದ್ದರೆ ಯಾರಾಗಬಹುದೋ ಅವರ ಮಣಿ ಅದರ ಕೆಳಗೆ. ಅವರೂ ಆಗದಿದ್ದರೆ ಯಾರೋ ಅವರದ್ದು ಇನ್ನೂ ಕೆಳಗೆ. ಆಯ್ಕೆಯ ದಿನ ದೋಣಿ ನಿಲ್ಲುವ ಕಡವಿನ ಕಟ್ಟೆಯ ಮೇಲೆ ಬಣ್ಣಕ್ಕೊಂದರಂತೆ ಗೂಟ ಹೂಡಿರುತ್ತಾರೆ. ಸರದ ಮೊದಲ ಮಣಿ ಯಾವ ಬಣ್ಣವೋ ಆ ಗೂಟಕ್ಕೆ ಸರವನ್ನು ನೇತುಹಾಕುತ್ತಾರೆ. ಅರ್ಧಕ್ಕಿಂತ ಹೆಚ್ಚು ಸರ ಒಂದೇ ಗೂಟದಲ್ಲಿದ್ದರೆ ಅವರೇ ಅಂಬಿಗರು. ಯಾರಿಗೂ ಅಷ್ಟು ಬಾರದಿದ್ದರೆ ಎಲ್ಲಕ್ಕಿಂತ ಕಡಿಮೆ ಸರವಿರುವ ಗೂಟವನ್ನು ಕೀಳುತ್ತಾರೆ. ಆದರೆ ಆ ಸರಗಳನ್ನು ಎಸೆಯುವುದಿಲ್ಲ. ಅವುಗಳ ಮೊದಲ ಮಣಿಯನ್ನು ಕಲ್ಲಿನಿಂದ ಟಕ್ ಎಂದು ಒಡೆದು, ಅದರ ಕೆಳಗಿನ ಮಣಿ ಯಾವ ಬಣ್ಣವೋ ಆ ಗೂಟಕ್ಕೆ ಹಾಕುತ್ತಾರೆ. ಮತ್ತೆ ಎಣಿಸುತ್ತಾರೆ. ಮತ್ತೆ ಕೀಳುತ್ತಾರೆ. ಇಷ್ಟೇ.

ಇಷ್ಟೇ ಎಂದು ಹೇಳಿ ಹೇಳಿ ಒಬ್ಬಳ ಗಂಟಲು ಒಣಗಿಹೋಗಿತ್ತು. ಊರು ಅವಳನ್ನು ಹೇಳಿಕೊಡುವವಳು ಎಂದೇ ಕರೆಯುತ್ತಿತ್ತು. ಮನೆ ಮನೆಗೆ ಹೋಗಿ ಸರ ಪೋಣಿಸುವುದು ಹೇಗೆಂದು ತಿಳಿಸುವುದು ಅವಳ ಕೆಲಸ. ಇಪ್ಪತ್ತೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಇಪ್ಪತ್ತೊಂದು ವರ್ಷದಿಂದ ಊರು ಅದನ್ನೇ ತಪ್ಪು ಮಾಡುತ್ತಿತ್ತು.

ಈ ಸಲ ಅವಳಿಗೆ ತಾಳ್ಮೆ ಕಡಿಮೆಯಿತ್ತು, ಅದಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಅವಳು ತನ್ನ ಒಬ್ಬಳೇ ಮಗಳನ್ನು ಆ ದಡದ ಊರಿಗೆ ಮದುವೆ ಮಾಡಿ ಕೊಟ್ಟಳು. ಅದಾದ ವಾರಕ್ಕೇ ಆಯ್ಕೆ ಬಂತು. ಆಗ ಇದ್ದ ಅಂಬಿಗನೇ ಮತ್ತೆ ಆರಿಸಿ ಬಂದ, ಬಂದವನು ಅಂದಿನಿಂದ ಒಂದೇ ಒಂದು ಸಲವೂ ಆ ದಡ ಮುಟ್ಟಿಸಲಿಲ್ಲ. ಜನರನ್ನು ಕೂರಿಸಿಕೊಂಡು ನಡುಹೊಳೆಯವರೆಗೆ ಹೋಗುವನು, ಹುಟ್ಟನ್ನು ಮೇಲಕ್ಕೆತ್ತುವನು, ಮೂಗೇರಿಸಿ ಆಕಾಶ ನೋಡುವನು, "ಗಾಳಿ ಸರಿ ಇಲ್ಲ" ಎನ್ನುವನು, ದೋಣಿ ತಿರುಗಿಸುವನು. ದಿನಾ ಹೋಗುವನು, ದಿನಾ ತಿರುಗಿಸುವನು. ಗಾಳಿ ಸರಿ ಇಲ್ಲ ಎನ್ನುವ ಅಂಬಿಗನನ್ನು ಕೆಳಗಿಳಿಸುವ ಕಟ್ಟಳೆ ಊರಿನಲ್ಲಿರಲಿಲ್ಲ. ಮೂರು ವರ್ಷ ಕಾಯುವ ಕಟ್ಟಳೆ ಮಾತ್ರ ಇತ್ತು.

ಹೊಳೆ ಎಷ್ಟು ಅಗಲವಿತ್ತೆಂದರೆ ಕೂಗು ದಾಟುತ್ತಿರಲಿಲ್ಲ. ಹೇಳಿಕೊಡುವವಳು ಪ್ರತಿ ಸಂಜೆ ಕಡವಿಗೆ ಬಂದು ನಿಲ್ಲುವಳು. ಆ ದಡದಲ್ಲಿ ಒಂದು ಚುಕ್ಕಿ ಬಂದು ನಿಲ್ಲುವುದು. ಅದು ಮಗಳು. ಎರಡು ವರ್ಷದ ಹಿಂದೆ ಒಂದು ಸಂಜೆ ಆ ಚುಕ್ಕಿ ಇನ್ನೊಂದು ಸಣ್ಣ ಚುಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿತು. ಈಚೆಗೆ ಆ ಸಣ್ಣ ಚುಕ್ಕಿ ದೊಡ್ಡ ಚುಕ್ಕಿಯ ಪಕ್ಕದಲ್ಲಿ ತಾನೇ ನಿಲ್ಲುತ್ತಿತ್ತು. ಅಜ್ಜಿಗೆ ಮೊಮ್ಮಗುವಿನ ಬಗ್ಗೆ ಗೊತ್ತಿದ್ದುದು ಇಷ್ಟೇ. ಗಂಡೋ ಹೆಣ್ಣೋ ಅದೂ ಗೊತ್ತಿರಲಿಲ್ಲ.

ಹೋದ ಸಲ ಆ ಅಂಬಿಗ ಗೆದ್ದದ್ದಕ್ಕೆ ಕಾರಣ ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜನರಿಗೆ ತೋರಿಸಲು ಅವಳು ಒಂದು ಮಾದರಿ ಸರ ಪೋಣಿಸಿಟ್ಟುಕೊಳ್ಳುತ್ತಿದ್ದಳು. ಮಗಳು ಆ ದಡದಲ್ಲಿರುವುದರಿಂದ ಇವಳಿಗೆ ಚುರುಕಾದ ಹೊಸ ಅಂಬಿಗ ಬೇಕು ಎಂದು ಜನ ಆಡಿಕೊಂಡಾರು ಎಂಬ ಭಯ. ಯಾರೂ ಬೆರಳು ತೋರಿಸಬಾರದೆಂದು ಮಾದರಿಯಲ್ಲಿ ಬೇಕೆಂದೇ ಹಳೆಯ ಅಂಬಿಗನ ಕಪ್ಪು ಮಣಿಯನ್ನು ಮೊದಲು ಹಾಕಿದಳು. ಊರಿನ ಅರ್ಧ ಜನ ಅದನ್ನು ನೋಡಿ ಹಾಗೆಯೇ ಪೋಣಿಸಿಕೊಂಡು ಬಂದರು. ಕೇಳಿದರೆ, "ನೀನೇ ತೋರಿಸಿದ್ಯಲ್ಲಕ್ಕ, ಹೀಗೇ ಹಾಕಬೇಕು ಅಂತ" ಎಂದರು.

ಆದ್ದರಿಂದ ಈ ಸಲ ಅವಳು ಮಾದರಿಗೆ ಮಣಿಯನ್ನೇ ಮುಟ್ಟಲಿಲ್ಲ. ಸೂಜಿ ಕಾಯಿಸಿ ಹುಣಸೆ ಬೀಜಕ್ಕೆ ತೂತು ಮಾಡಿದಳು, ಅಂಟುವಾಳದ ಕಾಯಿಗೆ ಮಾಡಿದಳು, ಹರಳು ಬೀಜಕ್ಕೆ ಮಾಡಿದಳು. ಮೊದಲು ಹುಣಸೆ, ಕೆಳಗೆ ಅಂಟುವಾಳ, ಅದರ ಕೆಳಗೆ ಹರಳು. ಬೀಜವನ್ನು ಯಾರೂ ಅಂಬಿಗನೆಂದು ತಿಳಿಯಲಾರರು, ಅಷ್ಟು ದಡ್ಡರು ಲೋಕದಲ್ಲಿಲ್ಲ ಎಂದು ಅವಳ ಲೆಕ್ಕಾಚಾರ. ಮನೆಗೆ ಒಂದೊಂದು ಇರಲಿ, ನೋಡಿ ಅಭ್ಯಾಸ ಮಾಡಲಿ ಎಂದು ಅಂಥ ಸರಗಳನ್ನು ರಾಶಿ ರಾಶಿ ಪೋಣಿಸಿದಳು. ಬೆರಳ ತುದಿಗಳು ಸುಟ್ಟು ಕಪ್ಪಾದವು.

ಈ ಸಲ ಅಂಬಿಗನಾಗಲು ನಿಂತವರು ಮೂವರು. ಹಳೆಯ ಅಂಬಿಗ, ಅವನದು ಕಪ್ಪು ಮಣಿ. ಬಲೆ ಹೆಣೆಯುವವನು, ಅವನದು ಬಿಳಿ. ಹಗ್ಗ ಹೊಸೆಯುವವಳು, ಅವಳದು ಕೆಂಪು.

ಮೊದಲ ಮನೆಯಲ್ಲಿ ಹಲ್ಲಿಲ್ಲದ ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ದಾರದಲ್ಲಿ ಆಗಲೇ ಮೂರು ಮಣಿ ಪೋಣಿಸಿಟ್ಟಿದ್ದಳು. ಮೂರೂ ಕೆಂಪು.

"ಅಜ್ಜಿ, ಮೂರೂ ಒಂದೇ ಹಾಕಿದ್ದೀಯಲ್ಲ."

"ನಂಗೆ ಅವಳು ಮೂರು ಪಾಲು ಬೇಕು ಕಣೆ."

"ಮೂರು ಹಾಕಿದ್ರೂ ಒಂದೇ ಲೆಕ್ಕ ಅಜ್ಜಿ. ಅವಳ ಗೂಟ ಕಿತ್ತರು ಅನ್ಕೋ. ಮೊದಲನೇ ಮಣಿ ಒಡೀತಾರೆ. ಕೆಳಗೆ ಅವಳದ್ದೇ ಮಣಿ. ಅವಳೇ ಇಲ್ಲ. ಅದನ್ನೂ ಒಡೀತಾರೆ. ಮೂರನೇದೂ ಒಡೀತಾರೆ. ನಿನ್ನ ಕೈಗೆ ಬರೋದು ಖಾಲಿ ದಾರ."

"ಒಡೀಲಿ ಬಿಡು. ಮೂರು ಸಲ ಒಡೆಯೋವಾಗ ಅವರಿಗೂ ಗೊತ್ತಾಗ್ಲಿ, ಈ ಮುದುಕಿ ಎಂಥೋಳು ಅಂತ."

ಹೇಳಿಕೊಡುವವಳು ಕಣ್ಣು ಮುಚ್ಚಿ ಹತ್ತು ಎಣಿಸಿದಳು. ಆಮೇಲೆ ಯಾವಾಗಲೂ ಹೇಳುವ ಮಾತನ್ನು ಹೇಳಿದಳು. "ಮೊದಲನೆಯದು ಬೇಕಾದದ್ದು. ಎರಡನೆಯದು ಅದಿಲ್ಲದಿದ್ದರೆ. ಮೂರನೆಯದು ಅದೂ ಇಲ್ಲದಿದ್ದರೆ." ಬೀಜದ ಸರವನ್ನು ಅಜ್ಜಿಯ ಮಡಿಲಿಗೆ ಹಾಕಿದಳು. "ಇದನ್ನ ನೋಡ್ಕೊಂಡು ಮಾಡು."

ಎರಡನೆಯ ಮನೆಯಲ್ಲಿ ಕ್ಷೌರದವನು ಒಂದೇ ಬಿಳಿ ಮಣಿ ಹಾಕಿ ಕೆಳಗೆ ಗಂಟು ಬಿಗಿದಿದ್ದ.

"ಎರಡನೇದು ಹಾಕಿದ್ರೆ ಮೊದಲನೆಯವನ ಬಲ ಕಮ್ಮಿ ಆಗಲ್ವೇನಕ್ಕ?"

"ಆಗಲ್ಲಪ್ಪ. ಮೊದಲನೆಯವನು ಕಣದಲ್ಲಿ ಇರೋವರೆಗೂ ಎರಡನೇದನ್ನ ಯಾರೂ ಕಣ್ಣೆತ್ತಿ ನೋಡಲ್ಲ."

"ಆದ್ರೂ ಬಲೆಯವನು ಗೂಟದ ಹತ್ತಿರಾನೇ ನಿಂತಿರ್ತಾನೆ. ನನ್ನ ಸರದಲ್ಲಿ ಇನ್ನೊಬ್ಬರ ಮಣಿ ನೋಡಿದ್ರೆ ಬೇಜಾರು ಮಾಡ್ಕೊಳಲ್ವಾ? ನಾಳೆ ಗಡ್ಡಕ್ಕೆ ಬೇರೆ ಕಡೆ ಹೋಗ್ತಾನೆ."

"ಈ ಊರಲ್ಲಿ ಗಡ್ಡ ತೆಗೆಯೋನು ನೀನೊಬ್ಬನೇ ಅಲ್ವೇನೋ."

"ಅದು ಹೌದು," ಎಂದ ಅವನು, ಆದರೂ ಗಂಟು ಬಿಚ್ಚಲಿಲ್ಲ. ಅವಳು ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಇನ್ನೊಮ್ಮೆ ಹೇಳಿ ಬೀಜದ ಸರ ಬಿಟ್ಟು ಹೊರಟಳು.

ಮೂರನೆಯ ಮನೆಯ ಗಂಡಸು ಬಿಳಿ, ಕೆಂಪು ಎರಡನ್ನೂ ಒಂದೇ ಗಂಟಿನಲ್ಲಿ ಅಕ್ಕಪಕ್ಕ ಕಟ್ಟಿದ್ದ. ಇಬ್ಬರಿಗೂ ಮಾತು ಕೊಟ್ಟಿದ್ದೇನೆ, ಒಬ್ಬರನ್ನು ಕೆಳಗೆ ಹಾಕಿದರೆ ನಾಲಿಗೆ ತಪ್ಪಿದ ಹಾಗಾಗುತ್ತದೆ ಎಂದ. "ಎರಡು ಗೂಟಕ್ಕೆ ಒಂದು ಸರ ನೇತುಹಾಕೋದು ಹೇಗೆ, ನೀನೇ ತೋರಿಸು" ಎಂದು ಅವಳು ಕೇಳಿದಾಗ ಅವನು ದಾರವನ್ನು ಎರಡು ಬೆರಳಿಗೂ ಸುತ್ತಿ ತೋರಿಸಿದ. ನಾಲ್ಕನೆಯ ಮನೆಯವಳಿಗೆ ಹಳೆಯ ಅಂಬಿಗನ ಮೇಲೆ ಎಷ್ಟು ಕೋಪವೆಂದರೆ, ಅವನು ಎಲ್ಲರ ಕೆಳಗೆ ಬಿದ್ದಿರಲಿ ಎಂದು ಒಂದೇ ಒಂದು ಕಪ್ಪು ಮಣಿಯನ್ನು ದಾರದ ತಳದಲ್ಲಿ ಕಟ್ಟಿದ್ದಳು. ಮೇಲೆ ಏನೂ ಇರಲಿಲ್ಲ. "ಮೇಲೆ ಏನೂ ಇಲ್ಲದಿದ್ರೆ ಅದೇ ಮೊದಲನೇದು ಆಗುತ್ತೆ ಮಾರಾಯ್ತಿ" ಎಂದರೆ, "ಎಷ್ಟು ಕೆಳಗೆ ಕಟ್ಟಿದ್ದೀನಿ ನೋಡಿದ್ರೆ ತಿಳಿಯಲ್ವಾ ಅವರಿಗೆ?" ಎಂದಳು.

ಹೀಗೆ ಮನೆ ಮನೆ. ಪ್ರತಿ ಮನೆಯಲ್ಲೂ ಅವಳು ಹಿಂದಿನ ಮನೆಯಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೇಳಿದಳು. ಒಬ್ಬರು ತಪ್ಪಾಗಿ ತಿಳಿದದ್ದನ್ನು ಮುಂದಿನವರು ತಿಳಿಯದಿರಲಿ ಎಂದು ಅದನ್ನೂ ಸೇರಿಸಿದಳು. ಕುಣಿಕೆ ಯಾವ ಕಡೆ, ಗಂಟು ಎಷ್ಟು ಬಿಗಿ, ಮಣಿ ಬಿರುಕು ಬಿಟ್ಟರೆ ಏನು, ಒದ್ದೆ ಕೈಯಲ್ಲಿ ಮುಟ್ಟಿದರೆ ಏನು, ಎಲ್ಲ ಹೇಳಿದಳು. ಕೊನೆಕೊನೆಯ ಮನೆಗಳಿಗೆ ಬರುವಾಗ ಜನ ಮಣಿಯನ್ನು ಕೆಂಡದಂತೆ ಹಿಡಿದುಕೊಳ್ಳುತ್ತಿದ್ದರು. "ತಪ್ಪಾಗಿಬಿಟ್ರೆ?" ಎನ್ನುತ್ತಿದ್ದರು. "ತಪ್ಪಾಗಬಾರದು ಅಂತಲೇ ಹೇಳ್ತಿರೋದು" ಎಂದು ಅವಳು ಮತ್ತೆ ಮೊದಲಿಂದ ಹೇಳುತ್ತಿದ್ದಳು. ಅವರ ಮುಖದಲ್ಲಿ ಕಾಣುತ್ತಿದ್ದ ಭಯವನ್ನು ಅವಳು ಗಮನ ಎಂದುಕೊಂಡಳು.

ಕಡೆಯ ಮನೆ ಹಳೆಯ ಅಂಬಿಗನದ್ದು. ಅವನು ಮೂರು ಕಪ್ಪು ಮಣಿ ಹಾಕಿದ್ದ. ಅವಳು ತಿದ್ದಲು ಹೋಗಲಿಲ್ಲ. ಅವನೇ ಹೇಳಿದ. "ಏನಕ್ಕ, ಈ ಸಲ ಬೀಜ ತಂದಿದ್ದೀಯಂತೆ. ಹೋದ ಸಲದ ಮಾದರಿ ಚೆನ್ನಾಗಿತ್ತಲ್ಲ."

ಅವಳು ಬೀಜದ ಸರವನ್ನು ಅವನ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಂದಳು.

ತನ್ನ ಸರವನ್ನು ಅವಳು ಕೊನೆಗೆ ಪೋಣಿಸಿದಳು. ಮೊದಲು ಕೆಂಪು. ಕೆಳಗೆ ಬಿಳಿ. ಕಪ್ಪು ಮಣಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಅದನ್ನು ಹಾಕಲೇಬೇಕೆಂದೇನೂ ಇರಲಿಲ್ಲ. ಹಾಕದಿದ್ದರೆ ಮೇಲಿನ ಎರಡೂ ಹೋದ ಮೇಲೆ ದಾರ ಖಾಲಿಯಾಗುತ್ತದೆ, ಅಷ್ಟೇ. ಇದನ್ನು ಅವಳೇ ನೂರು ಸಲ ಹೇಳಿದ್ದಳು. ಕಪ್ಪು ಮಣಿಯನ್ನು ಕಿಟಕಿಯಿಂದ ಹೊರಗೆಸೆದಳು.

ಆಯ್ಕೆಯ ದಿನ ಬೆಳಗ್ಗೆ ಊರೆಲ್ಲ ಕಡವಿನ ಕಟ್ಟೆಯ ಹತ್ತಿರ ಸೇರಿತು. ಕಟ್ಟೆಯ ಮೇಲೆ ಮೂರು ಗೂಟ, ಪಕ್ಕದಲ್ಲಿ ಮಣಿ ಒಡೆಯುವ ಕಲ್ಲು, ಕಲ್ಲಿನ ಹಿಂದೆ ಎಣಿಸುವವನು. ಅವನು ಬಹಳ ಮುದುಕ. ಎಲ್ಲ ಕಟ್ಟಳೆಗಳೂ ಬಾಯಿಗೆ ಬರುತ್ತಿದ್ದವು, ಕಟ್ಟಳೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಜನ ಒಬ್ಬೊಬ್ಬರಾಗಿ ಬಂದು, ಮುಚ್ಚಿದ ಬುಟ್ಟಿಯೊಳಗೆ ಕೈ ಹಾಕಿ, ಸರ ಬಿಟ್ಟು ಹೋದರು. ನೂರು ಜನ, ನೂರು ಸರ.

ಎಣಿಸುವವನು ಬುಟ್ಟಿಯಿಂದ ಮೊದಲ ಸರ ತೆಗೆದ. ಕಪ್ಪು. ಕಪ್ಪು ಗೂಟಕ್ಕೆ ಹಾಕಿದ. ಎರಡನೆಯದು ಬಿಳಿ. ಮೂರನೆಯದನ್ನು ತೆಗೆದು ಬೆಳಕಿಗೆ ಹಿಡಿದ. ಕಣ್ಣಿನ ಹತ್ತಿರ ತಂದ. ಮೂಸಿ ನೋಡಿದ.

"ಇದು ಹುಣಸೆ ಬೀಜ," ಎಂದ.

ನಾಲ್ಕನೆಯ ಸರವೂ ಹುಣಸೆ. ಆರನೆಯದೂ ಹುಣಸೆ.

ಅವಳು ಜನರ ಕಡೆ ತಿರುಗಿದಳು. "ಯಾರು ಹಾಕಿದ್ದು ಇದನ್ನ? ನಿಮ್ಮ ಮಣಿ ಎಲ್ಲಿ?"

"ಮನೇಲಿ ಭದ್ರವಾಗಿ ಇಟ್ಟಿದ್ದೀನಕ್ಕ," ಎಂದಿತು ಒಂದು ದನಿ. "ನಾನು ಪೋಣಿಸಿದ್ದು ಸರಿ ಇದೆಯೋ ಇಲ್ವೋ ಗೊತ್ತಾಗಲಿಲ್ಲ. ನೀನು ಪೋಣಿಸಿದ್ದರಲ್ಲಿ ತಪ್ಪಿರಲ್ಲ ಅಂತ ಅದನ್ನೇ ತಂದೆ."

"ನಾನೂ ಹಾಗೇ," ಎಂದಿತು ಇನ್ನೊಂದು ದನಿ.

"ನಾನು ಮೊದಲನೇದು ಮಾತ್ರ ನಂದು ಹಾಕಿದೆ," ಎಂದ ಕ್ಷೌರದವನು ಹೆಮ್ಮೆಯಿಂದ. "ನೀನು ಬೈತೀಯ ಅಂತ ಅದರ ಕೆಳಗೆ ನಿನ್ನ ಸರದ ಬೀಜಗಳನ್ನೆಲ್ಲ ಇದ್ದ ಹಾಗೇ ಬಿಚ್ಚಿ ಹಾಕಿದೆ."

ಅವಳು ಕಟ್ಟೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಇಪ್ಪತ್ತೊಂದು ವರ್ಷ. ಸುಟ್ಟ ಬೆರಳುಗಳು. ಸಾಯಂಕಾಲದ ಎರಡು ಚುಕ್ಕಿಗಳು. ಅವಳಿಗೆ ಅಳು ಬರಲಿಲ್ಲ, ಯಾರಾದರೂ ಕೈಗೆ ಸಿಕ್ಕಿದರೆ ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು.

ಎಣಿಸುವವನು ಕಟ್ಟಳೆ ಹೇಳಿದ. "ಮೊದಲ ಮಣಿಗೆ ಗೂಟವಿಲ್ಲದಿದ್ದರೆ ಗೂಟ ಹೂಡತಕ್ಕದ್ದು."

"ಅದು ಮನುಷ್ಯರ ಮಣಿಗೆ," ಎಂದ ಹಳೆಯ ಅಂಬಿಗ.

"ಮನುಷ್ಯರದ್ದು ಅಂತ ಕಟ್ಟಳೆಯಲ್ಲಿಲ್ಲ," ಎಂದು ಎಣಿಸುವವನು ನಾಲ್ಕನೆಯ ಗೂಟ ಹೂಡಿದ.

ಸರಗಳೆಲ್ಲ ಗೂಟಕ್ಕೇರಿದವು. ಕಪ್ಪಿಗೆ ಮೂವತ್ತನಾಲ್ಕು. ಹುಣಸೆ ಬೀಜಕ್ಕೆ ಮೂವತ್ತಮೂರು. ಕೆಂಪಿಗೆ ಹತ್ತೊಂಬತ್ತು. ಬಿಳಿಗೆ ಹದಿನಾಲ್ಕು. ಯಾರಿಗೂ ಅರ್ಧ ದಾಟಿರಲಿಲ್ಲ. ಎಲ್ಲಕ್ಕಿಂತ ಕಡಿಮೆ ಬಿಳಿ. ಬಿಳಿ ಗೂಟ ಕಿತ್ತರು. ಟಕ್, ಟಕ್, ಟಕ್ ಎಂದು ಹದಿನಾಲ್ಕು ಬಿಳಿ ಮಣಿ ಒಡೆದವು. ಕೆಳಗಿನ ಮಣಿ ನೋಡಿದರು. ನಾಲ್ಕು ಸರ ಕೆಂಪಿಗೆ ಹೋದವು. ಎರಡು ದಾರ ಖಾಲಿಯಾದವು. ಉಳಿದ ಎಂಟರಲ್ಲಿ ಬಿಳಿಯ ಕೆಳಗೆ ಇದ್ದದ್ದು ಹುಣಸೆ ಬೀಜ.

ಈಗ ಹುಣಸೆಗೆ ನಲವತ್ತೊಂದು. ಕಪ್ಪಿಗೆ ಅದೇ ಮೂವತ್ತನಾಲ್ಕು. ಕೆಂಪಿಗೆ ಇಪ್ಪತ್ತಮೂರು. ಇನ್ನೂ ಯಾರೂ ಅರ್ಧ ದಾಟಿರಲಿಲ್ಲ. ಕೆಂಪು ಗೂಟ ಕಿತ್ತರು. ಟಕ್, ಟಕ್. ಅದರಲ್ಲಿ ಒಂದು ಹೇಳಿಕೊಡುವವಳ ಸರ. ಅವಳದನ್ನು ಅವಳು ಗುರುತು ಹಿಡಿದಳು. ಕೆಂಪು ಮಣಿ ಒಡೆಯಿತು. ಕೆಳಗೆ ಬಿಳಿ, ಬಿಳಿಯ ಗೂಟವೇ ಇಲ್ಲ, ಅದೂ ಒಡೆಯಿತು. ಎಣಿಸುವವನು ಖಾಲಿ ದಾರವನ್ನು ಮೇಲೆತ್ತಿ, "ಇದು ಯಾರದ್ದು?" ಎಂದ. ಅವಳು ಎದ್ದು ಹೋಗಿ ತೆಗೆದುಕೊಂಡು ಮಣಿಕಟ್ಟಿಗೆ ಸುತ್ತಿಕೊಂಡಳು.

ಕೆಂಪಿನ ಸರಗಳಲ್ಲಿ ಐದು ಕಪ್ಪಿಗೆ ಹೋದವು. ನಾಲ್ಕು ಖಾಲಿಯಾದವು. ಹದಿನಾಲ್ಕು ಹುಣಸೆಗೆ ಹೋದವು. ಹುಣಸೆಗೆ ಐವತ್ತೈದು, ಕಪ್ಪಿಗೆ ಮೂವತ್ತೊಂಬತ್ತು.

"ಉಳಿದ ಸರಗಳಲ್ಲಿ ಅರ್ಧಕ್ಕಿಂತ ಹೆಚ್ಚು," ಎಂದು ಎಣಿಸುವವನು ಕಲ್ಲು ಕೆಳಗಿಟ್ಟ. "ಮೂರು ವರ್ಷಕ್ಕೆ ಹುಣಸೆ ಬೀಜವೇ ಅಂಬಿಗ."

ಹಳೆಯ ಅಂಬಿಗ ನಕ್ಕ. "ಬೀಜ ಹುಟ್ಟು ಹಾಕುತ್ತೇನ್ರೋ? ಎಲ್ಲ ತಪ್ಪಾಗಿದೆ. ಯಾರಿಗೂ ಅದು ಬೇಕಾಗಿರಲಿಲ್ಲ. ಇನ್ನೊಂದು ಸಲ ಮಾಡಿ, ಅಕ್ಕ ಇನ್ನೊಂದು ಸಲ ಹೇಳಿಕೊಡಲಿ."

ಇನ್ನೊಂದು ಸಲ ಎಂಬ ಮಾತು ಕೇಳಿ ಹೇಳಿಕೊಡುವವಳಿಗೆ ಮೈಯೆಲ್ಲ ಉರಿಯಿತು. ಅವಳು ಬಾಯಿ ತೆರೆಯುವ ಮೊದಲೇ ಹಲ್ಲಿಲ್ಲದ ಅಜ್ಜಿ ಕೋಲೂರಿಕೊಂಡು ಮುಂದೆ ಬಂದಳು.

"ಯಾರಿಗೂ ಬೇಡ ಅಂತ ನೀನ್ಯಾಕೆ ಹೇಳ್ತೀಯ? ನಾನು ಗೊತ್ತಿದ್ದೇ ಹಾಕಿದ್ದು. ಮೊದಲು ಕೆಂಪು, ಅದಿಲ್ಲದಿದ್ದರೆ ಬೀಜ."

"ಬೀಜಾನ? ಯಾಕಜ್ಜಿ?" ಎಂದಳು ಹೇಳಿಕೊಡುವವಳು.

"ಅದು ಗಾಳಿ ಸರಿ ಇಲ್ಲ ಅನ್ನಲ್ಲವಲ್ಲ."

ಜನರ ನಡುವೆ ಒಂದು ಸದ್ದು ಹಾದುಹೋಯಿತು. ನಗುವಲ್ಲ, ನಗುವಿಗೆ ಮೊದಲು ಬರುವ ಉಸಿರು. ತಳದಲ್ಲಿ ಕಪ್ಪು ಕಟ್ಟಿದ್ದವಳು, "ಅದೂ ಸರಿಯೇ," ಎಂದಳು.

ಹೇಳಿಕೊಡುವವಳು ಎಣಿಸುವವನ ಹತ್ತಿರ ಹೋದಳು. "ದೋಣಿಯ ಕಟ್ಟಳೆ ಹೇಳು."

"ಅಂಬಿಗ ಒಳಗಿಲ್ಲದೆ ಹಗ್ಗ ಬಿಚ್ಚಬಾರದು."

"ಹುಟ್ಟು ಯಾರು ಹಾಕಬೇಕು ಅಂತಿದೆ?"

ಮುದುಕ ತುಟಿ ಅಲ್ಲಾಡಿಸುತ್ತ ಎಲ್ಲ ಕಟ್ಟಳೆಗಳನ್ನೂ ಮೊದಲಿಂದ ಕೊನೆಯವರೆಗೆ ಒಳಗೊಳಗೇ ಹೇಳಿಕೊಂಡ. ಬಹಳ ಹೊತ್ತು ಹಿಡಿಯಿತು. "ಇಲ್ಲ," ಎಂದ ಕೊನೆಗೆ.

ಅವಳು ಗೂಟದಿಂದ ಒಂದು ಸರ ತೆಗೆದು ಹುಣಸೆ ಬೀಜವನ್ನು ಬಿಚ್ಚಿಕೊಂಡಳು. ಮಣಿಕಟ್ಟಿನ ಖಾಲಿ ದಾರವನ್ನು ಬಿಡಿಸಿ, ಬೀಜವನ್ನು ಅದಕ್ಕೆ ಪೋಣಿಸಿ, ದೋಣಿಯ ಮೂತಿಗೆ ಕಟ್ಟಿದಳು. ಅಂಬಿಗ ಒಳಗೆ ಬಂದ ಹಾಗಾಯಿತು. ಅಷ್ಟರಲ್ಲಿ ಸಂಜೆಯಾಗಿತ್ತು, ಆ ದಡದಲ್ಲಿ ಎರಡು ಚುಕ್ಕಿ ಬಂದು ನಿಂತಿದ್ದವು. ಹಗ್ಗ ಬಿಚ್ಚಿದಳು. ಹುಟ್ಟನ್ನು ಅವಳು ಹುಟ್ಟಿದಾಗಿನಿಂದ ಮುಟ್ಟಿರಲಿಲ್ಲ. ಯಾವ ಕಡೆ ಹಿಡಿಯಬೇಕೆಂದು ಹಗ್ಗ ಹೊಸೆಯುವವಳು ತೋರಿಸಿದಳು. ಇನ್ನೊಂದು ಹುಟ್ಟನ್ನು ಬಲೆ ಹೆಣೆಯುವವನು ಹಿಡಿದ. ಅಜ್ಜಿ ಹತ್ತಿದಳು, ಕ್ಷೌರದವನು ಹತ್ತಿದ. ಹಳೆಯ ಅಂಬಿಗ ದಡದಲ್ಲೇ ನಿಂತ.

ನಡುಹೊಳೆಗೆ ಬಂದರು. ಗಾಳಿ ಬೀಸಿತು. ದಿನಾ ಬೀಸುವ ಗಾಳಿಯೇ. ಮೂರು ವರ್ಷದ ಅಭ್ಯಾಸದಿಂದ ಹುಟ್ಟು ಹಿಡಿದ ಕೈಗಳು ನಿಂತವು, ಎಲ್ಲರೂ ಅಂಬಿಗನ ಕಡೆ ನೋಡಿದರು. ಹುಣಸೆ ಬೀಜ ದಾರದಲ್ಲಿ ಅತ್ತಿತ್ತ ತೂಗಿತು. ಏನೂ ಹೇಳಲಿಲ್ಲ.

"ಏನೂ ಅನ್ನಲಿಲ್ಲ ಕಣ್ರೋ," ಎಂದಳು ಅಜ್ಜಿ. "ಹಾಕಿ ಹುಟ್ಟು."

ಹಾಕಿದರು. ದೊಡ್ಡ ಚುಕ್ಕಿಗೆ ಸೀರೆ ಬಂತು. ಸೀರೆಗೆ ಬಣ್ಣ ಬಂತು. ಸಣ್ಣ ಚುಕ್ಕಿಗೆ ಕೈಕಾಲು ಬಂದವು, ಲಂಗ ಬಂತು, ಎರಡು ಜುಟ್ಟು ಬಂದವು. ದೋಣಿ ಮರಳಿಗೆ ತಾಗಿ ನಿಂತಿತು.

ಮಗಳು ಮೊಣಕಾಲುದ್ದ ನೀರಿಗೆ ಇಳಿದು ಬಂದು ತಾಯಿಯ ಕೈ ಹಿಡಿದಳು. ಆ ಕೈಯ ಸುಟ್ಟ ಬೆರಳುಗಳನ್ನು ನೋಡಿದಳು. ದೋಣಿಯ ಒಳಗೆ ನೋಡಿದಳು. "ಅಂಬಿಗ ಎಲ್ಲವ್ವ? ಯಾರನ್ನ ಆರಿಸಿದ್ರಿ ಈ ಸಲ? ಹೇಗೆ ಆರಿಸಿದ್ರಿ?"

ಹೇಳಿಕೊಡುವವಳು ಬಾಯಿ ತೆರೆದಳು. ಮೊದಲನೆಯದು ಬೇಕಾದದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಬಾಯಿ ಮುಚ್ಚಿದಳು.

ಅಷ್ಟರಲ್ಲಿ ಮೊಮ್ಮಗಳು ದೋಣಿಯ ಮೂತಿಯ ಹತ್ತಿರ ಹೋಗಿ, ತೂಗುತ್ತಿದ್ದ ಬೀಜವನ್ನು ದಾರದ ಸಮೇತ ಹಿಡಿದು ಬಾಯಿಯ ಹತ್ತಿರ ಎಳೆಯುತ್ತಿದ್ದಳು. ಹೇಳಿಕೊಡುವವಳು ಬಗ್ಗಿ ಆ ಪುಟ್ಟ ಕೈಯನ್ನು ಮೊದಲ ಸಲ ಹಿಡಿದುಕೊಂಡಳು.

"ನುಂಗಬೇಡ ಕಣೆ ಪುಟ್ಟಿ," ಎಂದಳು. "ನಾವು ದಿನಾ ಹೋಗಿ ಬಂದು ಮಾಡಬೇಕು."